ಪಂಚಗಂಗಾವಳಿಯ ತೀರದಲ್ಲಿ ಉಮಾಶ್ರೀ

ಆಳುಪರ ರಾಜಧಾನಿಯಾಗಿ ಮೆರೆದು, ವಿಜಯನಗರದ ಕಾಲದಲ್ಲಿ ರಾಜ್ಯವೊಂದಕ್ಕೇ ತನ್ನ ಹೆಸರನ್ನಿತ್ತ ಬಾರಕೂರು ಇಂದು ಬ್ರಹ್ಮಾವರ ತಾಲೂಕಿನ ಒಂದು ಶಾಂತ ಗ್ರಾಮ. ದೇಶಾಂತರದ ಹಡಗುಗಳು ತಂಗುತ್ತಿದ್ದ, 1665ರಲ್ಲಿ ಶಿವಾಜಿಯ ನೌಕೆಗಳ ದಾಳಿಗೆ ತುತ್ತಾದ ಬಸರೂರಿನ ರೇವಿನಲ್ಲಿ ಈಗ ಆ ಗದ್ದಲವಿಲ್ಲ. ಸಾಮ್ರಾಜ್ಯಗಳು ಉದಿಸಿ ಅಸ್ತಮಿಸಿದ ಈ ಕರಾವಳಿಯಲ್ಲಿ ಅಳಿಯದೆ ಉಳಿದ ಪ್ರಭುತ್ವವೆಂದರೆ ರಂಗದ್ದು. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಪೆರ್ಡೂರು ಯಕ್ಷಗಾನ ಮೇಳಗಳ ಚೆಂಡೆಯ ನಾದವನ್ನು ಕೇಳುತ್ತಲೇ ಬೆಳೆದ ನಮಗೆ ಹಾಸ್ಯಗಾರನ ಸ್ಥಾನವೇನೆಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅರಸನ ವೇಷದ ಎದುರು ನಿಂತು ಅರಸನಿಗೇ ಬುದ್ಧಿ ಹೇಳುವ ಅಧಿಕಾರ ಅವನದು. ಆದರೆ ಆ ಅಧಿಕಾರ ಶತಮಾನಗಳ ಕಾಲ ಪುರುಷರ ಸ್ವತ್ತಾಗಿತ್ತು. ಸ್ತ್ರೀವೇಷವನ್ನೂ ಗಂಡಸರೇ ಕಟ್ಟುತ್ತಿದ್ದರು. ನಾಡನ್ನು ನಗಿಸಿದ ಹೆಣ್ಣೊಬ್ಬಳ ಕೀರ್ತಿ ಶಿಖರವೇರಿದ್ದು ಮಾತ್ರ ಇದೇ ಕುಂದಾಪುರದ ಸೀಮೆಯ ಕಥೆಯೊಂದರಿಂದ. ವಿಧಿಯ ಈ ಯೋಜನೆ ಸಾಮಾನ್ಯವಾದುದಲ್ಲ.

1957ರ ಮೇ 10ರಂದು ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ ಜನಿಸಿದ ಉಮಾಶ್ರೀ ಯಾವ ರಾಜಮಾರ್ಗದಿಂದಲೂ ಬಂದವರಲ್ಲ. ಎಂಬತ್ತರ ದಶಕದ ಚಿತ್ರರಂಗ ನಾಯಕಿಗೆ ಸೌಂದರ್ಯವನ್ನೂ ಹಾಸ್ಯನಟಿಗೆ ದ್ವಂದ್ವಾರ್ಥವನ್ನೂ ಹಂಚಿಕೊಟ್ಟು ನಡುವೆ ಗಡಿ ಎಳೆದಿತ್ತು. 1984ರಲ್ಲಿ ತೆರೆಕಂಡ ಕಾಶೀನಾಥರ ‘ಅನುಭವ’ ಅವರನ್ನು ಮನೆಮಾತಾಗಿಸಿತು, ಅನಂತರ ಎನ್.ಎಸ್. ರಾವ್ ಅವರಂಥ ಹಾಸ್ಯನಟರ ಜೋಡಿಯಾಗಿ ಚಿತ್ರದ ಮೇಲೆ ಚಿತ್ರಗಳು ಬಂದವು. ಜನ ನಕ್ಕರು, ನಕ್ಕವರಲ್ಲೇ ಹಲವರು ಅವರನ್ನು ಹಗುರವಾಗಿ ಕಂಡರು. ಆ ಸಂಭಾಷಣೆಗಳ ಕಳಂಕ ಬರೆದವರಿಗೆ ಸಲ್ಲತಕ್ಕದ್ದೇ ಹೊರತು, ಅವುಗಳಿಗೆ ಜೀವ ತುಂಬಿದ ಪ್ರತಿಭೆಗಲ್ಲ. ಏಕೆಂದರೆ ತೆರೆಯ ಆಚೆ, ರಂಗಭೂಮಿಯಲ್ಲಿ, ಅದೇ ನಟಿ ಇನ್ನೊಂದು ರಾಜ್ಯವನ್ನು ಕಟ್ಟುತ್ತಿದ್ದರು. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ, ಕಳೆದುಹೋದ ಹುಂಜಕ್ಕಾಗಿ ಪರಿತಪಿಸುವ ಸಾಕವ್ವನಾಗಿ ಉಮಾಶ್ರೀ ನಿಂತರು. ನಗೆ ಮತ್ತು ಹಸಿವು ಒಂದೇ ದೇಹದಲ್ಲಿ ನೆಲಸಬಲ್ಲವೆಂದು ಕನ್ನಡದ ಪ್ರೇಕ್ಷಕ ಅಂದು ಕಣ್ಣಾರೆ ಕಂಡ. ಚಿತ್ರರಂಗ ಅದನ್ನು ಕಾಣಲು ಬಹುಕಾಲ ಬೇಕಾಯಿತು.

2008 ಅವರ ಬದುಕಿನ ಸಂಧಿವರ್ಷ. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ತೇರದಾಳದ ರಣಾಂಗಣದಲ್ಲಿ ಅಭ್ಯರ್ಥಿಯಾಗಿ ನಿಂತ ಅವರಿಗೆ ಸೋಲಾಯಿತು. ಅದೇ ವರ್ಷ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’ ಬಂದಿತು. ಮೂಲಕಥೆ ಕುಂದಾಪುರದ ಮಗಳು ವೈದೇಹಿಯವರದು. ಊರಿಗೆ ಟಾಕೀಸು ಬಂದ ಆ ಕಥೆಯನ್ನು ಕಾಸರವಳ್ಳಿಯವರು ಟಿವಿಯ ಕಾಲಕ್ಕೆ, ಕಾರ್ಗಿಲ್ ಯುದ್ಧದ ದಿನಗಳಿಗೆ, ಕುಂದಾಪುರದ ಬಳಿಯ ಮೀನುಗಾರರ ಕುದ್ರುವಿಗೆ, ಅಂದರೆ ನಡುಗಡ್ಡೆಗೆ, ತಂದರು. ಗಂಡನಿಂದ ದೂರವಾದ ಮುಸ್ಲಿಂ ಸೂಲಗಿತ್ತಿ ಗುಲಾಬಿ, ಹೆರಿಗೆ ಮಾಡಿಸಿದ ಉಪಕಾರಕ್ಕೆ ದೊರೆತ ಟಿವಿ, ಅದನ್ನು ನೋಡಲು ಅವಳ ಗುಡಿಸಲಿಗೆ ಬಂದು ಸೇರುವ ಹೆಂಗಸರು; ಹೊರಗೆ ದೊಡ್ಡ ದೋಣಿಗಳಿಗೂ ಸಣ್ಣ ಮೀನುಗಾರರಿಗೂ ಬೆಳೆಯುವ ವೈರ, ಆ ವೈರಕ್ಕೆ ಅಂಟಿಕೊಳ್ಳುವ ಮತದ ಬಣ್ಣ. ಗೆಳತಿ ನೇತ್ರು ಕಾಣೆಯಾದಾಗ ಅಪವಾದ ಗುಲಾಬಿಯ ಮೇಲೆ ಬಿತ್ತು. ನಿನ್ನೆ ಅವಳ ಅಂಗಳದಲ್ಲಿ ಕೂತವರೇ ಇಂದು ಅವಳನ್ನು ಕುದ್ರುವಿನಿಂದ ಅಟ್ಟಿದರು. ಬಾರಕೂರಿನ ಪತನಕ್ಕಿಂತ ಇದು ಸಣ್ಣದೆಂದು ನಾನು ಎಣಿಸಲಾರೆ. ಐದು ಹೊಳೆಗಳು ಕಡಲು ಸೇರುವ ಗಂಗೊಳ್ಳಿಯ ಅಳಿವೆಯನ್ನು ಬಲ್ಲ ನಮಗೆ ಆ ಕಥೆ ಪರಕೀಯವಲ್ಲ, ಅದರ ಪಾಪವೂ ಪರಕೀಯವಲ್ಲ. ಗುಲಾಬಿಯಾದ ಉಮಾಶ್ರೀಯವರ, ಸಿನಿಮಾದ ಮುಂದೆ ಮಗುವಿನಂತೆ ಅರಳುವ ಆ ಮುಖದಲ್ಲಿ ಹಾಸ್ಯನಟಿಯ ಎರಡು ದಶಕಗಳ ಸಾಧನೆಯೆಲ್ಲ ಕೆಲಸ ಮಾಡಿತ್ತು: ಎಲ್ಲಿ ತಡೆಯಬೇಕು, ಎಲ್ಲಿ ಕಣ್ಣೊಂದನ್ನೇ ಆಡಿಸಬೇಕು ಎಂಬ ಲೆಕ್ಕ ನಗಿಸಿದವರಿಗಲ್ಲದೆ ಬೇರಾರಿಗೂ ಅಷ್ಟು ಸೂಕ್ಷ್ಮವಾಗಿ ದಕ್ಕದು. 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಟಿಯ ಗೌರವ ಅವರದಾಯಿತು.

ಮುಂದಿನದು ರಾಜ್ಯಾಧಿಕಾರದ ಅಧ್ಯಾಯ. ಸೋತ ತೇರದಾಳದಿಂದಲೇ 2013ರಲ್ಲಿ ಗೆದ್ದು, ಸಿದ್ದರಾಮಯ್ಯನವರ ಸಂಪುಟದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳನ್ನು ವಹಿಸಿಕೊಂಡರು. 2018ರಲ್ಲಿ ಮತ್ತೆ ಸೋಲು. ಪದವಿ ಹೋದರೂ ರಂಗ ಹೋಗಲಿಲ್ಲ. ‘ಶರ್ಮಿಷ್ಠೆ’ಯಲ್ಲಿ ಏಕಾಂಗಿಯಾಗಿ ವೇದಿಕೆಯನ್ನು ಆಳಿದರು, ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕನಾಗಿ ಮನೆಮನೆಯನ್ನು ಹೊಕ್ಕರು, 2023ರಲ್ಲಿ ವಿಧಾನಪರಿಷತ್ತಿಗೆ ನಾಮನಿರ್ದೇಶನಗೊಂಡರು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮಿಗಿಲಾದುದು 2025ರ ಜನವರಿಯ ಹೊನ್ನಾವರದ ಆಟ. ಅಂದು ಪೆರ್ಡೂರು ಮೇಳದ ರಂಗಸ್ಥಳದಲ್ಲಿ, ರಾಮಪಟ್ಟಾಭಿಷೇಕದ ಪ್ರಸಂಗದಲ್ಲಿ, ಅರವತ್ತೇಳರ ಉಮಾಶ್ರೀ ಮಂಥರೆಯಾಗಿ ಬಂದರು. ಯಕ್ಷಗಾನದಲ್ಲಿ ಅದು ಅವರ ಮೊದಲ ವೇಷ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಮಂಥರೆಯೆಂದರೆ ಬಹುಮಟ್ಟಿಗೆ ಹಾಸ್ಯಗಾರನ ಪಾಲಿನ ಪಾತ್ರ. ಆ ಪರಂಪರಾಗತ ಪೀಠವನ್ನು ನಮ್ಮ ಮೇಳವೇ ಕರೆದು ಅವರಿಗೆ ಕೊಟ್ಟಿತು.