ಹಕ್ಕಿಪಿಕ್ಕಿಗಳ ವಿದೇಶ ವಲಸೆ

ಹುಣಸೂರು ತಾಲ್ಲೂಕು, ಶಿವಮೊಗ್ಗ ಮತ್ತು ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಸಮುದಾಯದವರು ಗಿಡಮೂಲಿಕೆ ಎಣ್ಣೆ ಮತ್ತು ನಾಟಿ ಔಷಧಿ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿಬರುವುದು ರೂಢಿ. 2023ರಲ್ಲಿ ಸುಡಾನಿನ ಯುದ್ಧದ ನಡುವೆ ಇವರು ಸಿಕ್ಕಿಬಿದ್ದ ಮೇಲೆ ಈ ವಲಸೆ ನಾಡಿನ ಗಮನಕ್ಕೆ ಬಂತು. ವಲಸೆ ಕಾರ್ಮಿಕರ ರಕ್ಷಣೆಗೆಂದು ಇರುವ ಕಾನೂನು ಯಾರನ್ನು ಕಾಣುತ್ತದೆ, ಯಾರನ್ನು ಕಾಣುವುದಿಲ್ಲ ಎಂಬುದಕ್ಕೂ ಇದು ಕರ್ನಾಟಕದ ಮುಖ್ಯ ಉದಾಹರಣೆ.

ಹಿನ್ನೆಲೆ: ಹಕ್ಕಿಪಿಕ್ಕಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದವರು. 2011ರ ಜನಗಣತಿಯಂತೆ ರಾಜ್ಯದಲ್ಲಿ ಇವರ ಸಂಖ್ಯೆ 11,892. ಮನೆಮಾತು ವಾಗ್ರಿ. ಅದು ಗುಜರಾತಿಗೆ ಹತ್ತಿರದ್ದು. ಹೊರಗೆ ಕನ್ನಡವನ್ನೂ ನೆರೆಯ ಭಾಷೆಗಳನ್ನೂ ಸಲೀಸಾಗಿ ಆಡುತ್ತಾರೆ. ಹಕ್ಕಿ ಹಿಡಿಯುವುದು ಕುಲಕಸುಬಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಅಪರಾಧವಾಗಿಸಿತು. ಅಲೆಮಾರಿಗಳನ್ನು ಒಂದೆಡೆ ನೆಲೆಗೊಳಿಸಿದ ಊರುಗಳಲ್ಲಿ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರವೂ ಒಂದು. ಕಸುಬು ಹೋದರೂ ಹಕ್ಕಿ ಊರಿನ ಹೆಸರಿನಲ್ಲಿ ಉಳಿದಿದೆ. ಜಾತ್ರೆ, ಸಂತೆಗಳಲ್ಲಿ ಪ್ಲಾಸ್ಟಿಕ್ ಹೂ, ಮಣಿಸರ, ತಲೆಗೂದಲ ಎಣ್ಣೆ ಮಾರುತ್ತ ಬದುಕಿದವರು ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಸಿಂಗಪುರ, ಥಾಯ್ಲೆಂಡ್ ಕಡೆಗೆ ಹೊರಟರು. ಅಲ್ಲಿಂದ ಮುಂದೆ ಆಫ್ರಿಕಾದ ಮಾರುಕಟ್ಟೆ ಕಂಡುಕೊಂಡರು. ಮೊದಲು ಹೋದವರು ನೆಂಟರಿಷ್ಟರನ್ನು ಕರೆಸಿಕೊಂಡರು. ಟಿಕೆಟ್ಟಿಗೂ ಸರಕಿಗೂ ಬಂಡವಾಳ ಬಡ್ಡಿಸಾಲ.

ಸುಡಾನ್ ಪ್ರಕರಣ: 2023ರ ಏಪ್ರಿಲ್ 15ರಂದು ಸುಡಾನಿನ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕಾಳಗ ಶುರುವಾದಾಗ ದಾರ್ಫುರ್ ಪ್ರಾಂತ್ಯದ ಎಲ್ ಫಶೇರ್ ನಗರದಲ್ಲಿ ಕರ್ನಾಟಕದ 31 ಹಕ್ಕಿಪಿಕ್ಕಿಗಳಿದ್ದರು. ಆಗಿನ ಪತ್ರಿಕಾ ವರದಿಗಳ ಪ್ರಕಾರ ಅವರಲ್ಲಿ 19 ಮಂದಿ ಹುಣಸೂರಿನವರು. ಬಾಡಿಗೆ ಮನೆಯಿಂದ ಹೊರಗೆ ಕಾಲಿಡಲಾಗದೆ, ಅನ್ನ ನೀರಿಗೆ ಪರದಾಡುತ್ತ, ಸಿಕ್ಕ ಸಿಕ್ಕವರಿಗೆ ಫೋನ್ ಮಾಡಿ ನೆರವು ಕೇಳಿದರು. ವಿಧಾನಸಭಾ ಚುನಾವಣೆಯ ಹೊತ್ತು. ಆಗಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಇವರನ್ನು ಕರೆತರುವಂತೆ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಸಿಡಿಮಿಡಿಗೊಂಡು ಉತ್ತರಿಸಿದರು. ಹಕ್ಕಿಪಿಕ್ಕಿಗಳ ಹೆಸರು ದೇಶಕ್ಕೆಲ್ಲ ತಿಳಿದದ್ದು ಈ ಜಟಾಪಟಿಯಿಂದ. ಏಪ್ರಿಲ್ 24ರಂದು ಆರಂಭವಾದ ಭಾರತ ಸರ್ಕಾರದ 'ಆಪರೇಷನ್ ಕಾವೇರಿ' ಒಟ್ಟು 3,862 ಜನರನ್ನು, ಬಹುಪಾಲು ಪೋರ್ಟ್ ಸುಡಾನ್, ಜೆಡ್ಡಾ ಮಾರ್ಗವಾಗಿ, ಕರೆತಂದಿತು. ಎಲ್ ಫಶೇರ್‌ನಿಂದ ಪೋರ್ಟ್ ಸುಡಾನ್ ಬಂದರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಹಕ್ಕಿಪಿಕ್ಕಿಗಳ ಸರಕು ಅಲ್ಲೇ ಉಳಿಯಿತು, ಸಾಲ ಊರಿನಲ್ಲಿ ಕಾದಿತ್ತು.

ಕಾನೂನಿನ ಸ್ಥಿತಿ: ಭಾರತದಲ್ಲಿ ವಿದೇಶಿ ನೇಮಕಾತಿಗೆ ಆಧಾರ 1983ರ ವಲಸೆ ಕಾಯ್ದೆ. ನೋಂದಾಯಿತ ಏಜೆಂಟರು ಅಥವಾ ಪರವಾನಗಿ ಪಡೆದ ಮಾಲೀಕರು ಮಾತ್ರ ಜನರನ್ನು ನೇಮಿಸಿಕೊಳ್ಳಬಹುದು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ 'ಇಸಿಆರ್' (ವಲಸೆ ತಪಾಸಣೆ ಅಗತ್ಯ) ಗುರುತು ಬೀಳುತ್ತದೆ. ಅಂಥವರು ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಉದ್ಯೋಗಕ್ಕೆ ಹೊರಟರೆ ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕು. ಸುಡಾನ್ ಆ ಪಟ್ಟಿಯಲ್ಲಿದೆ. ಆದರೆ ಈ ವ್ಯವಸ್ಥೆಗೆ ಬೇಕಾದದ್ದು ಒಬ್ಬ ಮಾಲೀಕ, ಒಂದು ಒಪ್ಪಂದಪತ್ರ, ಒಂದು ಸಂಬಳ. ಸ್ವಂತ ಸಾಲದಲ್ಲಿ ಸ್ವಂತ ಎಣ್ಣೆ ಮಾರಲು ಹೊರಟವನಿಗೆ ಈ ಮೂರೂ ಇಲ್ಲ. ಕಾಯ್ದೆಯ ಪಾಲಿಗೆ ಅವನು ವಲಸೆ ಕಾರ್ಮಿಕನೇ ಅಲ್ಲ.

ಮಾಲೀಕ, ಏಜೆಂಟ್ ಇದ್ದ ಕಡೆಯೂ ಪರಿಸ್ಥಿತಿ ಹೆಮ್ಮೆಪಡುವಂತಿಲ್ಲ. 2019ರಲ್ಲಿ ಏಜೆನ್ಸಿ ನಂಬಿ ಕುವೈತ್‌ಗೆ ಹೋದ ಮಂಗಳೂರು ಕಡೆಯ ಯುವಕರು ಹೇಳಿದ ಕೆಲಸವೂ ಸಂಬಳವೂ ಸಿಗದೆ ವಿಡಿಯೊ ಮಾಡಿ ಮೊರೆಯಿಟ್ಟರು. ಶಾಸಕ ವೇದವ್ಯಾಸ ಕಾಮತ್ ಮತ್ತು ಅಲ್ಲಿನ ಅನಿವಾಸಿ ಕನ್ನಡಿಗರು ಕೈಹಿಡಿದರು. ಸಹಾಯಕ ಕೆಲಸವೆಂದು ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಯುದ್ಧಭೂಮಿ ತಲುಪಿ, 2024ರ ಸೆಪ್ಟೆಂಬರ್‌ನಲ್ಲಿ ಮರಳಿದರು. ನೋಂದಣಿಯಿಲ್ಲದೆ ನೇಮಕ ಮಾಡುವವನಿಗೆ 1983ರ ಕಾಯ್ದೆ ವಿಧಿಸಿದ ದಂಡದ ಮಿತಿ 2,000 ರೂಪಾಯಿ, ಸೆರೆವಾಸದ ಮಿತಿ ಎರಡು ವರ್ಷ. ಒಬ್ಬನಿಂದ ಲಕ್ಷ ವಸೂಲಿ ಮಾಡುವ ದಲ್ಲಾಳಿಗೆ ಈ ದಂಡ ಚಿಲ್ಲರೆ ಕಾಸು.

ಜಾಗತಿಕ ಮಾನದಂಡ: ನೇಮಕಾತಿ ಶುಲ್ಕವನ್ನು ಕಾರ್ಮಿಕನಿಂದ ಪಡೆಯಬಾರದು, ಖರ್ಚೆಲ್ಲ ಮಾಲೀಕನದೇ ಎಂಬುದು 2012ರ ಢಾಕಾ ತತ್ವಗಳ ತಿರುಳು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2016ರಲ್ಲಿ ಇದೇ ನಿಲುವಿನ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ಕೋಕಾ-ಕೋಲಾ, ಐಕಿಯಾ, ಯೂನಿಲಿವರ್ ಮೊದಲಾದ ಕಂಪನಿಗಳು ಜವಾಬ್ದಾರಿಯುತ ನೇಮಕಾತಿಗಾಗಿ ನಾಯಕತ್ವದ ಕೂಟ ಕಟ್ಟಿಕೊಂಡವು. ಭಾರತದ ನಿಯಮ ಮಾತ್ರ ಏಜೆಂಟನು ಕಾರ್ಮಿಕನಿಂದಲೇ 30,000 ರೂಪಾಯಿವರೆಗೆ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿ ಪಡೆಯಲು ಬಿಡುತ್ತದೆ. ಕಂಪನಿಗಳ ನಾಯಕತ್ವ ಕಾರ್ಖಾನೆಯ ಗೇಟಿನ ಒಳಗಿನವರಿಗೆ ಸರಿ. ಮಾಲೀಕನೇ ಇಲ್ಲದ ಪಕ್ಷಿರಾಜಪುರದ ವ್ಯಾಪಾರಿಗೆ ನಾಯಕತ್ವ ಕೊಡಬೇಕಾದದ್ದು ಸರ್ಕಾರವೇ. ಕಡಿಮೆ ಬಡ್ಡಿಯ ಸಾಲ, ಹೋಗುವವರ ಹೆಸರು ಹಾಗೂ ವಿಳಾಸದ ದಾಖಲೆ, ಆಯಾ ದೇಶದ ಸ್ಥಿತಿಗತಿಯ ಮುನ್ಸೂಚನೆ: ಇವಿಷ್ಟು ತಾಲ್ಲೂಕು ಮಟ್ಟದಲ್ಲೇ ಆಗಬಹುದಾದ ಕೆಲಸ.

ಸದ್ಯದ ನೆರವು: ಏಜೆಂಟರ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ 'ಇ-ಮೈಗ್ರೇಟ್' ತಾಣದಲ್ಲಿ ಪರಿಶೀಲಿಸಬಹುದು. ಪರದೇಶದಲ್ಲಿ ತೊಂದರೆಗೆ ಸಿಕ್ಕವರು 2015ರಲ್ಲಿ ಆರಂಭವಾದ 'ಮದದ್' ತಾಣದಲ್ಲಿ ದೂರು ಕೊಡಬಹುದು. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ 10 ಲಕ್ಷ ರೂಪಾಯಿಯ ವಿಮೆಯಿದೆ. ಆದರೆ ಅದು ಉದ್ಯೋಗಕ್ಕೆ ಹೋಗುವವರಿಗೆ ಮಾಡಿದ ಯೋಜನೆ. ಎಣ್ಣೆ ಮಾರಲು ಹೋಗುವವರಿಗೆ ಅನ್ವಯಿಸುವುದಿಲ್ಲ.