ಮಿದುಳುಬಳ್ಳಿಯ ದ್ರವದಲ್ಲಿ ಕಂಡ ಪಟ್ಟೆಗಳು

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯ ಹೆಸರನ್ನು ನೀವು ಕೇಳಿರಬಹುದು. ಮಿದುಳು ಮತ್ತು ಮಿದುಳುಬಳ್ಳಿಯ ನರತಂತುಗಳಿಗೆ ಹೊದಿಕೆಯಾಗಿರುವ ಮಯಲಿನ್ ಪೊರೆಯನ್ನು ದೇಹದ ರೋಗರಕ್ಷಣಾ ವ್ಯವಸ್ಥೆಯೇ ಹಾಳುಗೆಡವುತ್ತದೆ. ದೃಷ್ಟಿ ಮಂಜಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತವೆ. 1868ರಲ್ಲಿ ಪ್ಯಾರಿಸ್ಸಿನ ಷಾರ್ಕೊ ಈ ಕಾಯಿಲೆಯನ್ನು ಸ್ಪಷ್ಟವಾಗಿ ವಿವರಿಸಿದರು. ಆದರೆ ಇಂಥ ಲಕ್ಷಣಗಳು ಬೇರೆ ನರರೋಗಗಳಲ್ಲೂ ಉಂಟು. ಹಾಗಾದರೆ ಇದನ್ನು ಗುರುತಿಸುವುದು ಹೇಗೆ?

ಒಂದು ದಾರಿ ತೆರೆದದ್ದು ಭೌತರಸಾಯನದ ಪ್ರಯೋಗಾಲಯದಲ್ಲಿ. ದ್ರಾವಣದಲ್ಲಿ ಪ್ರೋಟೀನು ಅಣುಗಳಿಗೆ ವಿದ್ಯುದಾವೇಶವಿರುತ್ತದೆ. ವಿದ್ಯುತ್ ಕ್ಷೇತ್ರದಲ್ಲಿ ಅವು ಬೇರೆ ಬೇರೆ ವೇಗದಲ್ಲಿ ಚಲಿಸುತ್ತವೆ. 1937ರಲ್ಲಿ ಸ್ವೀಡನ್ನಿನ ಆರ್ನೆ ಟಿಸೇಲಿಯಸ್ ಈ ತತ್ತ್ವದಿಂದ ರಕ್ತರಸದ ಗ್ಲಾಬ್ಯುಲಿನ್‌ಗಳನ್ನು ಆಲ್ಫ, ಬೀಟ, ಗ್ಯಾಮ ಎಂದು ವಿಂಗಡಿಸಿದರು. 1939ರಲ್ಲಿ ಅವರೂ ಎಲ್ವಿನ್ ಕಬಾಟ್ ಅವರೂ ಮೊಲದ ರಕ್ತರಸದ ಪ್ರತಿಕಾಯಗಳು ಗ್ಯಾಮ ಭಾಗದಲ್ಲಿವೆಯೆಂದು ತೋರಿಸಿದರು. ಮುಂದೆ 1942ರಲ್ಲಿ ಕಬಾಟ್ ಮತ್ತು ಸಂಗಡಿಗರು ರೋಗಿಗಳ ಮಿದುಳುಬಳ್ಳಿಯ ದ್ರವವನ್ನು ರಕ್ತರಸದೊಡನೆ ಹೋಲಿಸಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದ ಕೆಲವರ ದ್ರವದಲ್ಲಿ ಗ್ಯಾಮ ಗ್ಲಾಬ್ಯುಲಿನ್ ಹೆಚ್ಚಾಗಿತ್ತು. ಅದು ರಕ್ತದಿಂದ ಸೋರಿ ಬಂದುದಲ್ಲ, ನರವ್ಯೂಹದೊಳಗೇ ತಯಾರಾದುದು ಎಂಬ ಸುಳಿವು ಸಿಕ್ಕಿತು.

1960ರ ಸುಮಾರಿಗೆ ಬೆಲ್ಜಿಯಮ್ಮಿನ ಸಂಶೋಧಕರು ಇದೇ ದ್ರವವನ್ನು ಅಗಾರ್ ಲೋಳೆಯಲ್ಲಿ ಹರಿಸಿದಾಗ ಗ್ಯಾಮ ಭಾಗ ಬಿಡಿಬಿಡಿ ಪಟ್ಟೆಗಳಾಗಿ ಒಡೆಯಿತು. ಸೂರ್ಯನ ಬೆಳಕಿನ ಅವಿಚ್ಛಿನ್ನ ರೋಹಿತವನ್ನೂ ಸೋಡಿಯಂ ದೀಪದ ರೇಖಾರೋಹಿತವನ್ನೂ ನೆನಪಿಸಿಕೊಳ್ಳಿ. ಸಾಮಾನ್ಯವಾಗಿ ಅಸಂಖ್ಯ ಬಗೆಯ ಪ್ರತಿಕಾಯಗಳು ಬೆರೆತು ಮಸುಕಾದ ಹರವಾಗಿ ಕಾಣುತ್ತವೆ. ಪಟ್ಟೆ ಕಂಡರೆ, ಕೆಲವೇ ಜೀವಕೋಶಗಳ ಸಂತತಿ ಒಂದೇ ಬಗೆಯ ಪ್ರತಿಕಾಯವನ್ನು ಹೇರಳವಾಗಿ ತಯಾರಿಸುತ್ತಿದೆ ಎಂದರ್ಥ. ಇವೇ ಆಲಿಗೋಕ್ಲೋನಲ್ ಪಟ್ಟೆಗಳು.

ಹೋಲಿಕೆ ಇಲ್ಲಿಗೆ ಮುಗಿಯಿತು. ರೋಹಿತದ ರೇಖೆ ಧಾತುವಿನ ಹೆಸರು ಹೇಳುತ್ತದೆ; ಪಟ್ಟೆ ತನ್ನ ಗುರಿಯ ಹೆಸರು ಹೇಳುವುದಿಲ್ಲ. ದಡಾರವಾದ ಎಷ್ಟೋ ವರ್ಷಗಳ ಬಳಿಕ ಮಿದುಳನ್ನು ಕಾಡುವ ಎಸ್‌ಎಸ್‌ಪಿಇ ರೋಗದಲ್ಲೂ ಪಟ್ಟೆಗಳಿವೆ. ಅಲ್ಲಿ ಪ್ರತಿಕಾಯಗಳು ಅಂಟಿಕೊಳ್ಳುವುದು ದಡಾರದ ವೈರಸ್ಸಿಗೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಅಂಥ ಒಂದೇ ಗುರಿ ಸಿಕ್ಕಿಲ್ಲ. ಕೆಲವು ರೋಗಿಗಳ ದ್ರವದ ಪ್ರತಿಕಾಯಗಳು ಎಪ್‌ಸ್ಟೈನ್-ಬಾರ್ ವೈರಸ್ಸಿನ ಪ್ರೋಟೀನಿಗೂ ನರವ್ಯೂಹದ ಗ್ಲಿಯಲ್‌ಕ್ಯಾಮ್ ಎಂಬ ಪ್ರೋಟೀನಿಗೂ ಅಂಟುವುದು 2022ರಲ್ಲಿ ಕಂಡುಬಂತು.

ಗುರಿ ತಿಳಿಯದಿದ್ದರೂ ಪಟ್ಟೆಗಳಿಂದ ರೋಗಿಗೆ ಉಪಯೋಗವುಂಟು. 2017ರ ಪರಿಷ್ಕೃತ ಮಾನದಂಡದ ಪ್ರಕಾರ, ನರವ್ಯೂಹದ ಒಂದಕ್ಕಿಂತ ಹೆಚ್ಚು ಕಡೆ ಹಾನಿಯಾಗಿದ್ದು, ಬೇರೆ ಕಾಯಿಲೆಗಳಲ್ಲವೆಂದು ಖಚಿತವಾಗಿದ್ದರೆ, ಪಟ್ಟೆಗಳ ಆಧಾರದ ಮೇಲೆ ಎರಡನೆಯ ದಾಳಿಗೆ ಕಾಯದೆ ರೋಗನಿರ್ಣಯ ಮಾಡಬಹುದು. ಚಿಕಿತ್ಸೆ ಬೇಗ ಆರಂಭವಾಗುತ್ತದೆ. ಒಂದು ಎಚ್ಚರಿಕೆ: ಉತ್ತರ ಯೂರೋಪಿನ ರೋಗಿಗಳಲ್ಲಿ ಸುಮಾರು ಶೇಕಡ 90 ಮಂದಿಯಲ್ಲಿ ಪಟ್ಟೆಗಳು ಕಂಡರೆ, ಏಷ್ಯದವರಲ್ಲಿ ಈ ಪ್ರಮಾಣ ಕಡಿಮೆ. ಆದ್ದರಿಂದ ಪಟ್ಟೆ ಕಾಣದಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ತೀರ್ಮಾನಿಸುವಂತಿಲ್ಲ.