ನಡಿಗಡ್ಡೆಯ ಅಂಗಡಿ ಮತ್ತು ಅದರ ಲೆಕ್ಕದ ಪುಸ್ತಕ

ಒಂದು ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಕೋಟೆಯ ಬಾಗಿಲಿನಿಂದಲೋ ದೇವಾಲಯದ ಶಾಸನದಿಂದಲೋ ಪ್ರಾರಂಭಿಸುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಕೋಟೆಯೊಳಗೆ ಜೀವಮಾನದಲ್ಲಿ ಒಮ್ಮೆಯೂ ಕಾಲಿಡದ ಒಕ್ಕಲಿಗನೂ ವಾರಕ್ಕೊಮ್ಮೆಯಾದರೂ ಅಂಗಡಿಯ ಮುಂದೆ ನಿಂತಿದ್ದಾನೆ. ಉಪ್ಪು, ಎಣ್ಣೆ, ಬೆಲ್ಲ, ಅರಿವೆಗಳಿಗಾಗಿ ಕೈನೀಡಿದ್ದಾನೆ. ಅವನ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅಂಗಡಿಕಾರನ ಖಾತೆಯಲ್ಲಿ ಮಾತ್ರ ಇದೆ. ಆದುದರಿಂದ ಅಂಗಡಿಯೂ ಚರಿತ್ರೆಯ ಒಂದು ಆಕರವೆಂದು ಭಾವಿಸಿ, ಧರೂರು ಮತ್ತು ಅದರ ಸುತ್ತಣ ಸೀಮೆಯನ್ನು ಎದುರಿಗಿಟ್ಟುಕೊಂಡು, ಚಿಕ್ಕ ಅಂಗಡಿಗೂ ಇತ್ತೀಚಿನ ಸರಣಿ ಮಳಿಗೆಗೂ ಇರುವ ಅಂತರವನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಧರೂರು, ಗದ್ವಾಲಿನಿಂದ ರಾಯಚೂರಿಗೆ ಹೋಗಿಬರುವವರಿಗೆ ಪರಿಚಿತವಾದ ಊರು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಭೂಭಾಗವನ್ನು ನಡಿಗಡ್ಡೆಯೆಂದು ಕರೆಯುತ್ತಾರೆ. ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಗದ್ವಾಲು, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಹೋದವು. ನಾರಾಯಣಪೇಟೆ, ಮಕ್ತಲ ತಾಲ್ಲೂಕುಗಳು ಮೊದಲಿನಿಂದಲೂ ಅದೇ ಜಿಲ್ಲೆಯಲ್ಲಿದ್ದವು. 2014ರಲ್ಲಿ ತೆಲಂಗಾಣ ರಾಜ್ಯವೂ, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ಹುಟ್ಟಿದವು. ಒಂದೇ ಊರಿನ ಒಂದೇ ಅಂಗಡಿ ತಾನಿದ್ದಲ್ಲಿಯೇ ಇದ್ದು ಇಷ್ಟು ಆಡಳಿತಗಳನ್ನು ಕಂಡಿತು. ಗಡಿ ಬದಲಾಯಿತು, ಗಿರಾಕಿ ಬದಲಾಗಲಿಲ್ಲ.

ಈ ಮಾತಿಗೆ ಭಾಷೆಯೇ ಸಾಕ್ಷಿಯಾಗಿದೆ. ‘ಅಂಗಡಿ’ ಎಂಬ ಶಬ್ದ ಕನ್ನಡ ತೆಲುಗುಗಳೆರಡಕ್ಕೂ ಸಮಾನವಾದುದು. ನಮ್ಮ ‘ಸಂತೆ’ ಅವರ ‘ಸಂತ’. ನಾವು ‘ಉದ್ದರಿ’ ಎನ್ನುವುದನ್ನು ತೆಲುಗರು ‘ಉದ್ದೆರ’ ಎನ್ನುತ್ತಾರೆ. ಇವೆಲ್ಲಕ್ಕಿಂತ ಸ್ವಾರಸ್ಯವಾದ ಶಬ್ದ ‘ಕೊಸರು’. ತೂಕ ಮುಗಿದ ಮೇಲೆ ತಕ್ಕಡಿಗೆ ಬೀಳುವ ಒಂದು ಹಿಡಿ ಹೆಚ್ಚಿನ ಪದಾರ್ಥಕ್ಕೆ ಎರಡು ಭಾಷೆಗಳಲ್ಲಿಯೂ ಅದೇ ಹೆಸರು. ಕೊಸರು ಕೇಳುವುದು ಗಿರಾಕಿಯ ಹಕ್ಕು, ಕೊಡುವುದು ಅಂಗಡಿಕಾರನ ಮರ್ಯಾದೆ. ಆಡಳಿತದ ಗಡಿಯನ್ನು ನಕಾಶೆಯ ಮೇಲೆ ಎಳೆದವರಿಗೆ ಈ ಶಬ್ದಗಳ ನಡುವೆ ಗೆರೆ ಎಳೆಯಲು ಸಾಧ್ಯವಾಗಲಿಲ್ಲ.

ಚಿಕ್ಕ ವ್ಯಾಪಾರ ಹಳೆಯದು, ದೊಡ್ಡ ವ್ಯಾಪಾರ ಹೊಸದು ಎಂಬ ಭಾವನೆ ಸಾಮಾನ್ಯವಾಗಿದೆ. ಚರಿತ್ರೆ ಇದನ್ನು ಒಪ್ಪುವುದಿಲ್ಲ. ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘ ಚಾಲುಕ್ಯರ ಕಾಲದ ಅನೇಕ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತದೆ. ದಕ್ಷಿಣಾಪಥದ ಪಟ್ಟಣಗಳಲ್ಲೆಲ್ಲ ಅವರ ವ್ಯವಹಾರವಿತ್ತು. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ ಕ್ರಿ.ಶ. 1088ರ ತಮಿಳು ಶಾಸನವೂ ಈ ಐನೂರ್ವರದೇ. ಸಮುದ್ರದಾಚೆಗೂ ಹಬ್ಬಿದ ಇಂಥ ಸಂಘ ಒಂದು ಕಡೆ, ವಾರದ ಸಂತೆಯಲ್ಲಿ ಗೋಣಿ ಹಾಸಿ ಕುಳಿತ ಕಿರುವ್ಯಾಪಾರಿ ಇನ್ನೊಂದು ಕಡೆ: ಇವೆರಡೂ ನಮ್ಮ ನಾಡಿನಲ್ಲಿ ಬಹುಕಾಲ ಜೊತೆಯಲ್ಲಿಯೇ ಬಾಳಿದವು. ಅಂದಮೇಲೆ ಗಾತ್ರವೊಂದನ್ನೇ ನೋಡಿ ಒಳಿತು ಕೆಡುಕುಗಳನ್ನು ನಿರ್ಣಯಿಸುವುದು ಸಾಧುವಲ್ಲ.

ಇನ್ನು ಹತ್ತಿರದ ಕಾಲಕ್ಕೆ ಬರೋಣ. ನಿಜಾಮರ ಆಳಿಕೆಯಲ್ಲಿ ನಡಿಗಡ್ಡೆಯ ಅಂಗಡಿಕಾರನಿಗೆ ಎರಡು ರೂಪಾಯಿಗಳ ಲೆಕ್ಕ ತಿಳಿದಿರಬೇಕಾಗಿತ್ತು. ಸಂಸ್ಥಾನದ ನಾಣ್ಯ ಹಾಲಿ ಸಿಕ್ಕಾ. ತುಂಗಭದ್ರೆಯನ್ನು ದಾಟಿ ಕರ್ನೂಲಿಗೆ ಹೋದರೆ ಅಲ್ಲಿ ನಡೆಯುತ್ತಿದ್ದುದು ಬ್ರಿಟಿಷ್ ಇಂಡಿಯಾದ ಕಲ್ದಾರ್. ಸ್ಥೂಲವಾಗಿ 7 ಹಾಲಿ ರೂಪಾಯಿಗಳಿಗೆ 6 ಕಲ್ದಾರ್. ಸಂಸ್ಥಾನದ ಗಡಿಯಲ್ಲಿ ಕರೋಡಗಿರಿಯೆಂಬ ಸುಂಕವನ್ನು ಬೇರೆ ತೆರಬೇಕಾಗಿತ್ತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ತೂಕಕ್ಕೆ ಸೇರು, ಪಾವು, ಛಟಾಕು, ತೊಲ. ಅಕ್ಷರ ಬಾರದ ಗಿರಾಕಿ ಈ ಲೆಕ್ಕದ ಕಾಡಿನಲ್ಲಿ ಅಂಗಡಿಕಾರನ ಬಾಯಿಮಾತನ್ನೇ ನಂಬಿ ನಡೆಯಬೇಕಾಗಿತ್ತು.

ದಾರಿಗಳು ತೆರೆದಂತೆಲ್ಲ ಅಂಗಡಿಯ ಸರಕೂ ಬದಲಾಯಿತು. 1871ರಲ್ಲಿ ಮುಂಬಯಿಯ ಮತ್ತು ಮದರಾಸಿನ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿದವು. ಮುಂದೆ ಸಿಕಂದರಾಬಾದಿನಿಂದ ಗದ್ವಾಲಿಗೂ ರೈಲು ಬಂದಿತು. ದೇವಸೂಗೂರಿನ ಬಳಿ ಕೃಷ್ಣೆಗೆ ಅಡ್ಡಲಾಗಿ 1933ರಲ್ಲಿ ಆರಂಭವಾದ ಸಿರಾತ್-ಏ-ಜೂದಿ ಸೇತುವೆ 1943ರಲ್ಲಿ ಮುಗಿದು, ಮಕ್ತಲ ಸೀಮೆಯನ್ನೂ ರಾಯಚೂರನ್ನೂ ರಸ್ತೆಯಿಂದ ಜೋಡಿಸಿತು. ಧರೂರಿನ ನೆರೆಯ ಜೂರಾಲದಲ್ಲಿ ಅಣೆಕಟ್ಟು ಎದ್ದ ಮೇಲೆ ಆತ್ಮಕೂರಿನ ದಡಕ್ಕೂ ದಾರಿಯಾಯಿತು. 2013ರಲ್ಲಿ ಗದ್ವಾಲ–ರಾಯಚೂರು ರೈಲು ಓಡಿತು. 2023ರಲ್ಲಿ ಜಕ್ಲೇರು–ಕೃಷ್ಣಾ ಮಾರ್ಗ ತೆರೆದು ಮಕ್ತಲಕ್ಕೂ ರೈಲು ದೊರೆಯಿತು. ಪ್ರತಿಯೊಂದು ದಾರಿಯೂ ಊರ ಅಂಗಡಿಗೆ ಹೊಸ ಸರಕನ್ನು ತಂದಿತು. ಅದೇ ದಾರಿ ಊರ ಗಿರಾಕಿಯನ್ನು ದೊಡ್ಡ ಪೇಟೆಗೆ ಕರೆದುಕೊಂಡೂ ಹೋಯಿತು.

ಹಳೆಯ ಅಂಗಡಿಯ ಜೀವಾಳವಿದ್ದುದು ಉದ್ದರಿಯಲ್ಲಿ. ಮಳೆಯನ್ನೇ ನಂಬಿದ ಬೇಸಾಯದಲ್ಲಿ ವರಮಾನ ಬರುವುದು ವರ್ಷಕ್ಕೆ ಒಂದೆರಡು ಸಲ. ಹೊಟ್ಟೆಗೆ ಬೇಕಾಗುವುದು ದಿನವೂ. ಈ ಎರಡರ ನಡುವಣ ತಿಂಗಳುಗಳನ್ನು ದಾಟಿಸಿದುದು ಅಂಗಡಿಕಾರನ ಖಾತೆ. ಬಾಣಂತಿಗೆ ಬೆಲ್ಲ ಬೇಕಾದಾಗ, ಸಾವಿನ ಮನೆಗೆ ಅರಿವೆ ಬೇಕಾದಾಗ, ರೊಕ್ಕವಿಲ್ಲವೆಂದು ಹಿಂದಕ್ಕೆ ಕಳುಹಿಸಿದರೆ ಅಂಗಡಿಕಾರನಿಗೆ ಊರಿನಲ್ಲಿ ಹೆಸರು ಉಳಿಯುತ್ತಿರಲಿಲ್ಲ. ದೀಪಾವಳಿಯಲ್ಲಿ ಖಾತೆಪುಸ್ತಕಕ್ಕೆ ಪೂಜೆ ಸಲ್ಲುತ್ತಿದ್ದುದು ಸುಮ್ಮನೆ ಅಲ್ಲ. ಒಂದು ಊರಿನ ಪರಸ್ಪರ ನಂಬಿಕೆಯೆಲ್ಲ ಆ ಕೆಂಪು ರಟ್ಟಿನೊಳಗೆ ಇತ್ತು.

ಆದರೆ ಚರಿತ್ರಕಾರನು ಒಂದೇ ಮುಖವನ್ನು ತೋರಿಸಬಾರದು. ಉದ್ದರಿ ಕೊಟ್ಟ ಕೈಯೇ ಬೆಲೆಯನ್ನೂ ಕಟ್ಟಿತು, ಬಡ್ಡಿಯನ್ನೂ ಬರೆಯಿತು, ಸುಗ್ಗಿಯಲ್ಲಿ ಧಾನ್ಯವನ್ನೂ ತಾನೇ ಅಳೆದುಕೊಂಡಿತು. ಸಾಲಗಾರನಾದ ಗಿರಾಕಿಗೆ ಪಕ್ಕದ ಅಂಗಡಿಗೆ ಹೋಗುವ ಸ್ವಾತಂತ್ರ್ಯ ಉಳಿಯುತ್ತಿರಲಿಲ್ಲ. ಸಾಲ ಕೊಡುವವರು ಲೈಸೆನ್ಸು ಪಡೆಯಬೇಕೆಂದು ಹೈದರಾಬಾದು ಸರಕಾರ ಫಸಲಿ 1349ರಲ್ಲಿ, ಎಂದರೆ ಸುಮಾರು 1940ರಲ್ಲಿ, ಕಾನೂನು ಮಾಡಬೇಕಾಗಿ ಬಂದುದೇ ಈ ಕಷ್ಟದ ಪ್ರಮಾಣವನ್ನು ತಿಳಿಸುತ್ತದೆ. ಗದ್ವಾಲಿನ ನೇಕಾರನ ಸ್ಥಿತಿಯೂ ಇದಕ್ಕೆ ಹತ್ತಿರವಾದುದೇ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೆರಗುಗಳನ್ನು ಕೂಡಿಸಿ ನೇಯುವ ಅವನ ಸೀರೆಗೆ 2010ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆಯಿತು. ಆದರೆ ಸಾಹುಕಾರನಿಂದ ನೂಲು ತಂದು, ನೇಯ್ದ ಸೀರೆಯನ್ನು ಅವನಿಗೇ ಒಪ್ಪಿಸಿ ಕೂಲಿ ಪಡೆಯುವವನಿಗೆ ತನ್ನ ಸೀರೆಯ ಪೇಟೆಯ ಬೆಲೆ ಕೈಗೆ ಸಿಗುವುದಿಲ್ಲ. ಇಂದು ನಡಿಗಡ್ಡೆಯ ಹೊಲಗಳಲ್ಲಿ ನಡೆಯುವ ಹತ್ತಿಬೀಜದ ಬೇಸಾಯದಲ್ಲಿಯೂ, ಕಂಪನಿಗೂ ರೈತನಿಗೂ ನಡುವೆ ನಿಂತು ಮುಂಗಡ ಕೊಡುವ ಮಧ್ಯಸ್ಥನ ಪುಸ್ತಕ ಹಳೆಯ ಖಾತೆಯ ತಮ್ಮನೇ ಆಗಿದೆ.

ಇನ್ನೊಂದು ಸತ್ಯವನ್ನೂ ಮರೆಯುವಂತಿಲ್ಲ. ಊರ ಅಂಗಡಿಯ ಕಟ್ಟೆ ಎಲ್ಲರಿಗೂ ಸಮಾನವಾಗಿರಲಿಲ್ಲ. ಅಸ್ಪೃಶ್ಯರೆನಿಸಿದವರು ದೂರದಲ್ಲಿ ನಿಂತು, ಕಾಸನ್ನು ಕೆಳಗಿಟ್ಟು, ಮೇಲಿಂದ ಹಾಕಿದ ಸರಕನ್ನು ಸೆರಗೊಡ್ಡಿ ಪಡೆಯಬೇಕಾಗಿತ್ತು. ಭಾರತದ ಸಂವಿಧಾನದ 15ನೆಯ ವಿಧಿಯಲ್ಲಿ, ಜಾತಿಯ ಕಾರಣದಿಂದ ಯಾರಿಗೂ ಪ್ರವೇಶವನ್ನು ತಡೆಯಕೂಡದೆಂದು ಹೇಳುವ ಸ್ಥಳಗಳ ಪಟ್ಟಿಯಲ್ಲಿ ಮೊದಲು ಬರುವ ಹೆಸರು ಅಂಗಡಿಗಳದು. ಊರ ಅಂಗಡಿಯ ಆತ್ಮೀಯತೆಯನ್ನು ಕುರಿತು ಬರೆಯುವಾಗ, ಅದು ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬುದನ್ನೂ ಬರೆಯಬೇಕು.

ಈ ಬಂಧನದಿಂದ ಬಿಡಿಸಿಕೊಳ್ಳುವ ದಾರಿಯನ್ನು ತೋರಿಸಿದವರಲ್ಲಿ ನೇಕಾರರೂ ಇದ್ದರೆಂಬುದು ಗದ್ವಾಲು ನಾರಾಯಣಪೇಟೆಗಳ ನಮಗೆ ವಿಶೇಷವಾಗಿ ಸ್ಮರಣೀಯ. ಇಂಗ್ಲೆಂಡಿನ ರಾಕ್‌ಡೇಲ್ ಎಂಬಲ್ಲಿ ನೇಕಾರರೂ ಇತರ ಕುಶಲಕರ್ಮಿಗಳೂ ಕೂಡಿ 28 ಪೌಂಡುಗಳ ಮೂಲಧನದಿಂದ 1844ರ ಡಿಸೆಂಬರ್ 21ರಂದು ತಮ್ಮದೇ ಅಂಗಡಿಯನ್ನು ತೆರೆದರು. ಕಲಬೆರಕೆಯಿಲ್ಲದ ಸರಕು, ಸರಿಯಾದ ತೂಕ, ಕೊಂಡಷ್ಟಕ್ಕೆ ತಕ್ಕ ಲಾಭದ ಪಾಲು ಎಂಬುವು ಅವರ ನಿಯಮಗಳು. ಅವರು ಉದ್ದರಿಯನ್ನು ಕೊಡಲೇ ಇಲ್ಲ. ಸಾಲವೇ ಬಡವನ ಸಂಕೋಲೆಯೆಂದು ಅವರು ಅನುಭವದಿಂದ ಬಲ್ಲವರಾಗಿದ್ದರು. ನಮ್ಮ ನಾಡಿನಲ್ಲಿ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಸ್ಥಾಪಿಸಿದಾಗ ಅದರ ಕೆಲಸ ಸಾಲ ಕೊಡುವುದೇ ಆಗಿದ್ದಿತು. ಒಬ್ಬರು ಸಾಲವನ್ನು ಬಿಟ್ಟರು, ಇನ್ನೊಬ್ಬರು ಸಾಲವನ್ನೇ ಹಿಡಿದರು. ಆದರೆ ಇಬ್ಬರೂ ಮಾಡಿದುದು ಒಂದೇ ಕಾರ್ಯ: ಲೆಕ್ಕದ ಪುಸ್ತಕವನ್ನು ಸದಸ್ಯರ ಕೈಗೆ ತಂದುಕೊಟ್ಟರು.

ಈಗ ಸರಣಿ ಮಳಿಗೆಯ ವಿಚಾರ. ಒಂದೇ ಒಡೆತನದಲ್ಲಿ ಅನೇಕ ಊರುಗಳಲ್ಲಿ ಒಂದೇ ಬಗೆಯ ಅಂಗಡಿಗಳನ್ನಿಟ್ಟು, ಸರಕನ್ನು ಸಗಟಾಗಿ ಕೊಂಡು ಕಡಿಮೆ ಬೆಲೆಗೆ ಮಾರುವ ಪದ್ಧತಿ ಅಮೆರಿಕದಲ್ಲಿ ಬಹಳ ಬಲಿಯಿತು. ಗ್ರೇಟ್ ಅಟ್ಲಾಂಟಿಕ್ ಅಂಡ್ ಪೆಸಿಫಿಕ್ ಟೀ ಕಂಪನಿಗೆ 1930ರ ಸುಮಾರಿನಲ್ಲಿ 15,000ದಷ್ಟು ಮಳಿಗೆಗಳಿದ್ದವು. 1916ರಲ್ಲಿ ಮೆಂಫಿಸ್ ನಗರದ ಪಿಗ್ಲಿ ವಿಗ್ಲಿ ಎಂಬ ಅಂಗಡಿ, ಗಿರಾಕಿಯೇ ಒಳಹೊಕ್ಕು ಸರಕನ್ನು ಆರಿಸಿಕೊಳ್ಳುವ ಕ್ರಮವನ್ನು ಆರಂಭಿಸಿತು. ದೊಡ್ಡ ಕೊಳ್ಳುಗನಿಗೆ ಮಾತ್ರ ಅನ್ಯಾಯವಾಗಿ ಬೆಲೆ ಇಳಿಸಿಕೊಡಬಾರದೆಂದು 1936ರಲ್ಲಿ ಅಲ್ಲಿ ಕಾನೂನೂ ಆಯಿತು. ಭಾರತದಲ್ಲಿ ಈ ಪದ್ಧತಿ ವೇಗವಾಗಿ ಹಬ್ಬಿದುದು 1990ರ ದಶಕದಿಂದ ಈಚೆಗೆ. 2001ರಲ್ಲಿ ಬಿಗ್ ಬಜಾರ್ ಹುಟ್ಟಿತು. 2006ರಲ್ಲಿ ರಿಲಯನ್ಸ್ ಫ್ರೆಶ್ ತನ್ನ ಮೊದಲ ಮಳಿಗೆಗಳನ್ನು ಹೈದರಾಬಾದಿನಲ್ಲಿಯೇ ತೆರೆಯಿತು. 2012ರಲ್ಲಿ ಕೇಂದ್ರ ಸರಕಾರವು ಇಂಥ ವ್ಯಾಪಾರದಲ್ಲಿ ಶೇಕಡಾ 51ರವರೆಗೆ ವಿದೇಶಿ ಬಂಡವಾಳಕ್ಕೆ ಷರತ್ತುಗಳೊಡನೆ ಅವಕಾಶ ಕೊಟ್ಟಿತು.

ನ್ಯಾಯವಾಗಿ ನೋಡಿದರೆ ಇದಕ್ಕೆ ಭೂಮಿಕೆ ಮೊದಲೇ ಸಿದ್ಧವಾಗಿತ್ತು. 1957ರ ಏಪ್ರಿಲ್ 1ರಿಂದ ನಯಾಪೈಸೆ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಂ ಬಂದವು. 1990ರಿಂದ ಪೊಟ್ಟಣದ ಮೇಲೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆಯನ್ನು ಮುದ್ರಿಸುವುದು ಕಡ್ಡಾಯವಾಯಿತು. ಧರೂರಿನ ಅಂಗಡಿಯಲ್ಲಿಯೂ ಹೈದರಾಬಾದಿನ ಮಳಿಗೆಯಲ್ಲಿಯೂ ಒಂದೇ ಪೊಟ್ಟಣಕ್ಕೆ ಒಂದೇ ಮೇಲ್ಮಿತಿ ಇರುವುದು ಸಾಮಾನ್ಯ ಜಯವಲ್ಲ. ಕೂಲಿಯ ಹೆಣ್ಣುಮಗಳು ಯಾರ ಅಪ್ಪಣೆಯನ್ನೂ ಕಾಯದೆ ಸರಕನ್ನು ಕೈಯಾರೆ ಮುಟ್ಟಿ ಆರಿಸುವ ಮಳಿಗೆಯನ್ನು ಕೇವಲ ಪರದೇಶದ ಮಾಯೆಯೆಂದು ಹಳಿಯಲಾಗದು.

ಆದರೆ ಪೊಟ್ಟಣ ಬಂದ ದಿನವೇ ಕೊಸರು ಹೋಯಿತು. ಸರಣಿ ಮಳಿಗೆಯ ಯಂತ್ರವು ಗಿರಾಕಿಯ ಖರೀದಿಯನ್ನೆಲ್ಲ ನೆನಪಿಡುತ್ತದೆ, ಅವನ ಕಷ್ಟವನ್ನು ನೆನಪಿಡುವುದಿಲ್ಲ. ಬೆಳೆ ಕೆಟ್ಟ ವರ್ಷದಲ್ಲಿ ‘ಮುಂದಿನ ಸುಗ್ಗಿಗೆ ನೋಡೋಣ’ ಎನ್ನುವ ಅಧಿಕಾರ ಅಲ್ಲಿ ಕುಳಿತ ನೌಕರನಿಗೆ ಇಲ್ಲ. ಅಂಗಡಿಕಾರನ ಲಾಭ ಊರಿನ ಜಾತ್ರೆಗೋ ಶಾಲೆಗೋ ಸ್ವಲ್ಪವಾದರೂ ಮರಳುತ್ತಿತ್ತು. ಸರಣಿಯ ಲಾಭ ದೂರದ ನಗರವನ್ನು ಸೇರುತ್ತದೆ. ಅದರ ನಷ್ಟವಾದರೋ ಇಲ್ಲಿಯೇ ಉಳಿಯುತ್ತದೆ: 1997ರಲ್ಲಿ ಚೆನ್ನೈನಲ್ಲಿ ಆರಂಭವಾದ ಸುಭಿಕ್ಷಾ 2009ರಲ್ಲಿ ಬಾಗಿಲು ಮುಚ್ಚಿತು, ಬಿಗ್ ಬಜಾರಿನ ಒಡೆತನದ ಸಂಸ್ಥೆ 2022ರಲ್ಲಿ ದಿವಾಳಿಯ ವಿಚಾರಣೆಗೆ ಬಂದಿತು, ಅಮೆರಿಕದ ಆ ಮಹಾ ಕಂಪನಿಯೂ 2015ರಲ್ಲಿ ಮುಗಿಯಿತು. ನೆರೆಯ ಚಿಕ್ಕ ಅಂಗಡಿಗಳು ಅಷ್ಟರೊಳಗೆ ಮುಚ್ಚಿದ್ದರೆ, ದೊಡ್ಡದು ಬಿದ್ದ ದಿನ ಊರಿಗೆ ಎರಡೂ ಇಲ್ಲ.

ಭಾಷೆಯ ಮಾತು ನಮಗೆ ಇನ್ನೂ ಹತ್ತಿರದ್ದು. ಗಡಿಯ ಅಂಗಡಿಕಾರ ಒಬ್ಬನೊಡನೆ ಕನ್ನಡ, ಇನ್ನೊಬ್ಬನೊಡನೆ ತೆಲುಗು, ಮತ್ತೊಬ್ಬನೊಡನೆ ದಖನಿ ಉರ್ದು ಆಡುತ್ತಾನೆ. ಶಾಲೆಗೆ ಹೋಗದೆಯೇ ಮೂರು ಭಾಷೆ ಕಲಿಸಿದ ಸ್ಥಳ ಅದು. ದೊಡ್ಡ ಮಳಿಗೆಯ ರಸೀದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದ ಮಗುವಿಗೂ ತೆಲುಗಿನ ಮಗುವಿಗೂ ಅದು ಸಮಾನವಾಗಿ ಪರಕೀಯ. ಒಂದು ಕಾಲಕ್ಕೆ ಅಜ್ಜನಿಗೆ ಖಾತೆಯನ್ನು ಓದಲು ಬರುತ್ತಿರಲಿಲ್ಲ. ಇಂದು ಮೊಮ್ಮಗನಿಗೆ ರಸೀದಿಯನ್ನು ಓದಲು ಬರುವುದಿಲ್ಲವೆಂದಾದರೆ, ನಡುವಣ ಇಷ್ಟು ವರ್ಷಗಳ ಶಿಕ್ಷಣದಿಂದ ಆದ ಪ್ರಯೋಜನವೇನು?

ಈ ಚರಿತ್ರೆಯಿಂದ ತಿಳಿದುಬರುವುದಿಷ್ಟು. ಚಿಕ್ಕದೆಲ್ಲ ದಯಾಳುವಲ್ಲ, ದೊಡ್ಡದೆಲ್ಲ ಕ್ರೂರವಲ್ಲ. ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ, ಅದನ್ನು ಗಿರಾಕಿ ಓದಬಲ್ಲನೇ, ತಪ್ಪಿದ್ದರೆ ತೋರಿಸಿ ಕೇಳಬಲ್ಲನೇ ಎಂಬುದರಿಂದಲೇ ವ್ಯಾಪಾರದ ನ್ಯಾಯ ನಿರ್ಣಯವಾಗುತ್ತದೆ. ಹಾಗೆ ಕೇಳಬಲ್ಲವನಿಗೆ ಊರ ಅಂಗಡಿಯಷ್ಟು ಉಪಕಾರಿಯಾದ ಸಂಸ್ಥೆ ಬೇರೊಂದಿಲ್ಲ. ಏಕೆಂದರೆ ಅಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕಾದ ಮನುಷ್ಯ ಎದುರಿಗೇ ಕುಳಿತಿರುತ್ತಾನೆ.

ಅಧ್ಯಾಪಕ ಬಂಧುಗಳಲ್ಲಿ ಕಡೆಯದಾಗಿ ಒಂದು ವಿಜ್ಞಾಪನೆ. ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಹಳೆಯ ಅಂಗಡಿಗಳ ಅಟ್ಟದ ಮೇಲೆ ಇನ್ನೂ ಕೀರ್ದಿ ಖತಾವಣಿಗಳು ಉಳಿದಿರಬಹುದು. ಅವುಗಳಲ್ಲಿ ಹಾಲಿ ಸಿಕ್ಕಾದ ಬೆಲೆಗಳಿವೆ, ಮರೆತ ಅಳತೆಗಳಿವೆ, ಕನ್ನಡ ತೆಲುಗುಗಳು ಕೂಡಿದ ಶಬ್ದಗಳಿವೆ. ಗೆದ್ದಲು ತಿನ್ನುವ ಮೊದಲು, ಒಡೆಯರ ಒಪ್ಪಿಗೆ ಪಡೆದು, ಸಾಲಗಾರರ ಹೆಸರುಗಳನ್ನು ಮರೆಮಾಡಿ, ಅವನ್ನು ನಕಲು ಮಾಡಿಕೊಳ್ಳೋಣ. ಮಕ್ಕಳಿಗೆ ಲೆಕ್ಕ ಕಲಿಸುವಾಗ ಪುಸ್ತಕದ ಉದಾಹರಣೆಗಳ ಜೊತೆಗೆ ಅವರ ಮನೆಯ ಒಂದು ವಾರದ ಅಂಗಡಿಯ ಚೀಟಿಯನ್ನೂ, ಪೇಟೆಯ ಮಳಿಗೆಯ ರಸೀದಿಯನ್ನೂ ಎದುರಿಗಿಟ್ಟು, ಪದಾರ್ಥಕ್ಕೆ ಪದಾರ್ಥ ಹೋಲಿಸಿ ಕೂಡಿಸಿ ಕಳೆಯಲು ಹೇಳೋಣ.